ಫೈಬರ್ ದೋಣಿಗೆ ಕಾರಿನ ಪುಟ್ಟಿ ಸಾಕೇ?

ಅಗ್ಗ, ಬೇಗ ಗಟ್ಟಿಯಾಗುತ್ತದೆ, ಉಜ್ಜಲು ಸುಲಭ: ಕಾರಿನ ಗುಳಿ ತುಂಬುವ ಪಾಲಿಯೆಸ್ಟರ್ ಬಾಡಿ ಪುಟ್ಟಿಗೆ ಇಷ್ಟು ಅಂಕ ಕೊಡಲೇಬೇಕು. 100 ಗ್ರಾಂಗೆ ಸುಮಾರು 2 ಗ್ರಾಂ ಹಾರ್ಡನರ್ (ಗಟ್ಟಿಯಾಗಿಸುವ ಪೇಸ್ಟ್) ಸಾಕು; ಹೆಚ್ಚಾದರೆ ಪೇಂಟ್ ಮೇಲೆ ಕಲೆ ಏಳುತ್ತದೆ, ಬಿಸಿಲಲ್ಲಂತೂ ಕಲಸುವ ಹಲಗೆಯಲ್ಲೇ ಕಲ್ಲಾಗುತ್ತದೆ.

ಆದರೆ ನೀರಿನ ಮಟ್ಟದ ಕೆಳಗೆ ಇದನ್ನು ಹಾಕಲೇಬೇಡಿ. ಒಳಗಿನ ಟಾಲ್ಕ್ ಪುಡಿ ತೇವ ಹೀರಿ, ಪುಟ್ಟಿ ಉಬ್ಬಿ ಕಳಚಿಕೊಳ್ಳುತ್ತದೆ. ಅಲ್ಲಿಗೆ ಎಪಾಕ್ಸಿಯೇ (ಎರಡು ಭಾಗ ಕಲಸಿ ಬಳಸುವ ರಾಳ) ಸರಿ. ಗುಳಿ ತುಂಬಲು ಅದಕ್ಕೆ ಗಾಜಿನ ಮೈಕ್ರೋಬಲೂನ್ (ಪುಡಿಯಂಥ ಟೊಳ್ಳು ಮಣಿಗಳು) ಬೆರೆಸಿ. ಭಾಗಗಳನ್ನು ಅಂಟಿಸುವುದಾದರೆ ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ, ಕರಣೆಯಿಂದ ಜಾರದಷ್ಟು ಗಟ್ಟಿಯಾಗಿ. ಮೈಕ್ರೋಬಲೂನ್ ಮಿಶ್ರಣಕ್ಕೆ ಜೋಡಣೆ ಹಿಡಿದಿಡುವ ಬಲವಿಲ್ಲ.

ಯಾವುದನ್ನೇ ಹಚ್ಚುವ ಮುನ್ನ ದೋಣಿಯ ಮೈಯನ್ನು ಮೊದಲು ಅಸಿಟೋನ್‌ ದ್ರಾವಕದಲ್ಲಿ ಒರೆಸಿ, ಆಮೇಲೆ 80ರ ಉಜ್ಜುಕಾಗದದಲ್ಲಿ ಉಜ್ಜಿ. ತಿರುಗುಮುರುಗಾದರೆ ಮೈ ಮೇಲಿನ ಮೇಣ ಗೀರುಗಳೊಳಗೆ ಸೇರಿ ಅಂಟು ಕೂರುವುದಿಲ್ಲ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ (ಫೈಬರ್ ದೋಣಿಯ ಹೊಳೆಯುವ ಹೊರಪದರ) ಅಂಟಂಟಾಗಿಯೇ ಉಳಿಯಬಹುದು. ಪೇಂಟ್ ಹೊಡೆಯುವುದೇ ವಾಸಿ.