ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್: ಸಲಹೆಗಾರರನ್ನು ಸೇರಿಸಿಕೊಂಡದ್ದು ಸಿಗುತ್ತದೆ, ಕೈಬಿಟ್ಟದ್ದು ಸಿಗುವುದು ಕಷ್ಟ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರ ವಿದೇಶಾಂಗ ನೀತಿ ಸಲಹೆಗಾರರು ವಿವಾದಕ್ಕೆ ಸಿಲುಕಿದ ಕೂಡಲೇ ಪ್ರಚಾರ ತಂಡ ಅವರಿಂದ ಹೇಗೆ ದೂರ ಸರಿಯುತ್ತದೆ ಎಂಬುದನ್ನು ಮೂಲ ದಾಖಲೆಗಳಲ್ಲೇ ಪರಿಶೀಲಿಸಬಯಸುವವರು ಸಾಮಾನ್ಯವಾಗಿ ಮೊದಲು ತೆರೆಯುವ ತಾಣ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ವೂಲಿ ಮತ್ತು ಗೆರ್ಹಾರ್ಡ್ ಪೀಟರ್ಸ್ 1999ರಲ್ಲಿ ಆರಂಭಿಸಿದ ಈ ಸಂಗ್ರಹದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದಾಖಲೆಗಳಿವೆ. ಶುಲ್ಕವಿಲ್ಲ, ನೋಂದಣಿಯ ಕಿರಿಕಿರಿಯೂ ಇಲ್ಲ. ಅಧ್ಯಕ್ಷರ ಭಾಷಣ ಮತ್ತು ಆದೇಶಗಳಷ್ಟೇ ಅಲ್ಲದೆ ಇತ್ತೀಚಿನ ಚುನಾವಣೆಗಳ ಅಭ್ಯರ್ಥಿಗಳು ಹೊರಡಿಸಿದ ಪತ್ರಿಕಾ ಪ್ರಕಟಣೆಗಳೂ ಇಲ್ಲಿ ದೊರೆಯುತ್ತವೆ. ನಾನು ಈ ಸೇವೆಯನ್ನು ಪರೀಕ್ಷಿಸುತ್ತಿರುವುದು ಮೇಲೆ ಹೇಳಿದ ಒಂದೇ ಉದ್ದೇಶಕ್ಕೆ ಅದು ಎಷ್ಟು ಒದಗುತ್ತದೆ ಎಂಬ ದೃಷ್ಟಿಯಿಂದ.

ಬಳಕೆಯ ವಿಷಯದಲ್ಲಿ ದೂರುವಂಥದ್ದು ಕಡಿಮೆ. ವ್ಯಕ್ತಿ, ದಿನಾಂಕ ಮತ್ತು ದಾಖಲೆಯ ಬಗೆ ಇವುಗಳ ಆಧಾರದಲ್ಲಿ ಹುಡುಕಾಟವನ್ನು ಕಿರಿದಾಗಿಸಬಹುದು. ಪ್ರತಿ ದಾಖಲೆಯ ಕೆಳಗೆ ಉಲ್ಲೇಖಿಸಬೇಕಾದ ಕ್ರಮವನ್ನು ಕೊಂಡಿಯ ಸಮೇತ ಕೊಟ್ಟಿರುವುದರಿಂದ ಲೇಖನ ಬರೆಯುವವರ ಅರ್ಧ ಕೆಲಸ ಉಳಿಯುತ್ತದೆ. ಜಾಹೀರಾತುಗಳ ಗದ್ದಲವಿಲ್ಲದೆ ಪಠ್ಯ ಮಾತ್ರ ಕಣ್ಣಿಗೆ ಬೀಳುತ್ತದೆ.

ಸಲಹೆಗಾರರನ್ನು ಬರಮಾಡಿಕೊಳ್ಳುವ ದಾಖಲೆಗಳಿಗೆ ಈ ತಾಣ ಹೇಳಿ ಮಾಡಿಸಿದಂತಿದೆ. 2012ರ ಚುನಾವಣೆಗೆ ರಿಪಬ್ಲಿಕನ್ ಪಕ್ಷದಿಂದ ಸ್ಪರ್ಧಿಸಿದ್ದ ಮಿಟ್ ರಾಮ್ನಿ 2011ರ ಅಕ್ಟೋಬರ್ 6ರಂದು ತಮ್ಮ ವಿದೇಶಾಂಗ ನೀತಿ ಮತ್ತು ರಾಷ್ಟ್ರೀಯ ಭದ್ರತಾ ಸಲಹಾ ತಂಡವನ್ನು ಪ್ರಕಟಿಸಿದ್ದು ಇದಕ್ಕೆ ಒಳ್ಳೆಯ ಮಾದರಿ. ಸಿಐಎ ಮಾಜಿ ನಿರ್ದೇಶಕ ಮೈಕೆಲ್ ಹೇಡನ್, ಖಾಸಗಿ ಭದ್ರತಾ ಸಂಸ್ಥೆ ಬ್ಲ್ಯಾಕ್‌ವಾಟರ್‌ನಲ್ಲಿದ್ದ ಕೋಫರ್ ಬ್ಲ್ಯಾಕ್, ಆಗಲೇ ಟೀಕೆಗೆ ಗುರಿಯಾಗಿದ್ದ ವಲೀದ್ ಫಾರೆಸ್ ಮೊದಲಾದವರ ಹೆಸರುಗಳು ಆ ತಂಡದಲ್ಲಿದ್ದವು. ಇಂತಹ ಪ್ರಕಟಣೆಗಳನ್ನು ತಂಡಗಳು ಹೆಮ್ಮೆಯಿಂದ, ಹುದ್ದೆ ಮತ್ತು ಅನುಭವದ ವಿವರಗಳೊಂದಿಗೆ ಬಿಡುಗಡೆ ಮಾಡುತ್ತವೆ. ಅಭ್ಯರ್ಥಿಗೆ ಜಗತ್ತಿನ ವಿಚಾರ ತಿಳಿದಿದೆ ಎಂದು ತೋರಿಸುವುದೇ ಅವುಗಳ ಉದ್ದೇಶವಾದ್ದರಿಂದ ಅಲ್ಲಿ ಪದಗಳಿಗೆ ಬರವಿರುವುದಿಲ್ಲ.

ತೊಡಕು ಶುರುವಾಗುವುದು ಸಲಹೆಗಾರರನ್ನು ಕೈಬಿಡುವ ಘಟ್ಟದಲ್ಲಿ. 2008ರ ಮೇ ತಿಂಗಳಲ್ಲಿ ನಡೆದ ಮಧ್ಯಪ್ರಾಚ್ಯ ತಜ್ಞ ರಾಬರ್ಟ್ ಮ್ಯಾಲಿ ಅವರ ಪ್ರಕರಣವನ್ನು ನೋಡಿ. ಸಂಘರ್ಷಗಳನ್ನು ಅಧ್ಯಯನ ಮಾಡುವ ಇಂಟರ್‌ನ್ಯಾಷನಲ್ ಕ್ರೈಸಿಸ್ ಗ್ರೂಪ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮ್ಯಾಲಿ, ಆ ಕೆಲಸದ ಭಾಗವಾಗಿಯೇ, ಅಮೆರಿಕ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿರುವ ಪ್ಯಾಲೆಸ್ಟೀನಿನ ಹಮಾಸ್ ಜೊತೆ ಸಂಪರ್ಕದಲ್ಲಿದ್ದುದಾಗಿ ಬ್ರಿಟನ್ನಿನ ಟೈಮ್ಸ್ ಪತ್ರಿಕೆಗೆ ತಿಳಿಸಿದ್ದರು. ಅದರ ಬೆನ್ನಲ್ಲೇ ಒಬಾಮಾ ತಂಡದ ವಕ್ತಾರರು, ಮ್ಯಾಲಿ ನೂರಾರು ತಜ್ಞರಂತೆ ಹಿಂದೆ ಅನೌಪಚಾರಿಕ ಸಲಹೆ ಕೊಟ್ಟವರೇ ಹೊರತು ಅವರಿಗೆ ತಂಡದಲ್ಲಿ ಔಪಚಾರಿಕ ಪಾತ್ರವೇನೂ ಇಲ್ಲ, ಮುಂದೆಯೂ ಇರುವುದಿಲ್ಲ ಎಂದುಬಿಟ್ಟರು. ಈ ಉತ್ತರದ ಕುಶಲತೆಯನ್ನು ಸ್ವಲ್ಪ ನಿಂತು ಗಮನಿಸಬೇಕು. ಇಲ್ಲಿ ಯಾರನ್ನೂ ತೆಗೆದುಹಾಕಿದಂತಾಗುವುದಿಲ್ಲ, ಏಕೆಂದರೆ ಅವರು ಒಳಗೇ ಇರಲಿಲ್ಲ ಎಂದಾಯಿತು. ಸಲಹೆ ಪಡೆದದ್ದನ್ನು ಅಲ್ಲಗಳೆದಂತೆಯೂ ಆಗುವುದಿಲ್ಲ. ಹಮಾಸ್ ಜೊತೆ ಮಾತನಾಡಿದ್ದು ಸರಿಯೋ ತಪ್ಪೋ ಎಂಬ ನಿಜವಾದ ನೀತಿಯ ಪ್ರಶ್ನೆಗೆ ಉತ್ತರಿಸುವ ಹೊರೆಯೂ ತಪ್ಪುತ್ತದೆ. ವರದಿಗಾರರಿಗೆ ವಕ್ತಾರರು ಕೊಡುವ ಇಂತಹ ಒಂದೆರಡು ವಾಕ್ಯದ ಉತ್ತರಗಳು ಪತ್ರಿಕಾ ಪ್ರಕಟಣೆಯ ರೂಪ ತಾಳುವುದು ಅಪರೂಪ. ಆದ್ದರಿಂದ ಪ್ರಕಟಣೆಗಳನ್ನು ಸಂಗ್ರಹಿಸುವ ತಾಣದಲ್ಲಿ ಅವು ಸಿಗಬೇಕೆಂದು ನಿರೀಕ್ಷಿಸುವಂತಿಲ್ಲ. ಇದನ್ನು ತಾಣದ ನಿರ್ವಾಹಕರ ದೋಷ ಎನ್ನಲಾಗದು. ಆದರೂ ಬಳಕೆದಾರರಿಗೆ ಇದು ದೊಡ್ಡ ಕೊರತೆಯೇ.

2016ರ ಟ್ರಂಪ್ ತಂಡದ ವಿಷಯದಲ್ಲಿ ಸಲಹೆಗಾರರನ್ನು ಸೇರಿಸಿಕೊಂಡ ದಾಖಲೆಯೂ ಪ್ರಕಟಣೆಯ ರೂಪದಲ್ಲಿರಲಿಲ್ಲ. ಮಾರ್ಚ್ 21ರಂದು ವಾಷಿಂಗ್ಟನ್ ಪೋಸ್ಟ್ ಸಂಪಾದಕ ಮಂಡಳಿಯೊಂದಿಗಿನ ಮಾತುಕತೆಯಲ್ಲಿ ಅಭ್ಯರ್ಥಿಯೇ ಕಾರ್ಟರ್ ಪೇಜ್, ಜಾರ್ಜ್ ಪಾಪಡೋಪೋಲಸ್ ಸೇರಿದಂತೆ ತಮ್ಮ ವಿದೇಶಾಂಗ ನೀತಿ ಸಲಹೆಗಾರರ ಕೆಲವು ಹೆಸರುಗಳನ್ನು ಓದಿ, ಪಾಪಡೋಪೋಲಸ್ ಅವರನ್ನು ಮನಸಾರೆ ಹೊಗಳಿದ್ದರು. ಅದೇ ತಿಂಗಳ 31ರಂದು ವಾಷಿಂಗ್ಟನ್ನಿನಲ್ಲಿ ನಡೆದ ಸಲಹೆಗಾರರ ಸಭೆಯ ಚಿತ್ರ ಟ್ರಂಪ್ ಅವರ ಇನ್‌ಸ್ಟಾಗ್ರಾಮ್ ಖಾತೆಯಲ್ಲೇ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರಲ್ಲಿ ಪಾಪಡೋಪೋಲಸ್ ಕೂಡ ಇದ್ದಾರೆ. ರಷ್ಯಾ ಸಂಪರ್ಕದ ವರದಿಗಳು ಬಂದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಪೇಜ್ ತಮ್ಮ ಸಲಹೆಗಾರರೇ ಅಲ್ಲ ಎಂದು ತಂಡದವರು ಪತ್ರಕರ್ತರಿಗೆ ಹೇಳತೊಡಗಿದರು. ಎಫ್‌ಬಿಐಗೆ ಸುಳ್ಳು ಹೇಳಿದ ತಪ್ಪನ್ನು ಪಾಪಡೋಪೋಲಸ್ ಒಪ್ಪಿಕೊಂಡದ್ದು 2017ರ ಅಕ್ಟೋಬರ್ ಕೊನೆಯಲ್ಲಿ ಬಹಿರಂಗವಾದಾಗ ಟ್ರಂಪ್ ಕಡೆಯವರ ಮಾತಿನಲ್ಲಿ ಅವರು ಕೆಳಹಂತದ ಸ್ವಯಂಸೇವಕರಾಗಿಬಿಟ್ಟರು. ಅದಕ್ಕೂ ಕೆಳಗಿಳಿಸಿ ಕಾಫಿ ತರುವ ಹುಡುಗ ಎಂದ ಮಾಜಿ ಸಹೋದ್ಯೋಗಿಯೂ ಇದ್ದರು. ಇಂತಹ ಬೆನ್ನಟ್ಟುವಿಕೆಗೆ ಪ್ರೆಸಿಡೆನ್ಸಿ ಪ್ರಾಜೆಕ್ಟ್ ಒಂದೇ ಸಾಲದು. ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ ಜೊತೆಗಿರಲೇಬೇಕು. ಪುಟದ ವಿಳಾಸ ಗೊತ್ತಿದ್ದರೆ ಅದು ಕ್ಯಾಲೆಂಡರ್‌ನಲ್ಲಿ ಹಳೆಯ ಪ್ರತಿಗಳ ದಿನಾಂಕಗಳನ್ನು ತೋರಿಸುತ್ತದೆ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು, ಅಳಿಸಿದ ಮತ್ತು ಸೇರಿಸಿದ ಭಾಗಗಳನ್ನು ಬಣ್ಣದಲ್ಲಿ ಗುರುತಿಸುವ ಸೌಲಭ್ಯವೂ ಅದರಲ್ಲಿದೆ. ಪ್ರಚಾರ ತಂಡದ ಜಾಲತಾಣದಿಂದ ಹೆಸರೊಂದು ಸದ್ದಿಲ್ಲದೆ ಮಾಯವಾಗಿದ್ದರೆ ಅದನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಎಲ್ಲ ಪ್ರಕರಣಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ಈ ಸಾಧನಗಳು ತಾವಾಗಿ ತಿಳಿಸುವುದಿಲ್ಲ. 2015ರ ಮಾರ್ಚ್‌ನಲ್ಲಿ ಸಲಹೆಗಾರರಲ್ಲೊಬ್ಬರಾದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಇಸ್ರೇಲ್ ಪ್ರಧಾನಿಯನ್ನು ಟೀಕಿಸಿದಾಗ, 2016ರ ಚುನಾವಣೆಗೆ ಸಜ್ಜಾಗುತ್ತಿದ್ದ ರಿಪಬ್ಲಿಕನ್ ನಾಯಕ ಜೆಬ್ ಬುಷ್ ಆ ಅಭಿಪ್ರಾಯದಿಂದ ದೂರ ನಿಂತರು, ಬೇಕರ್ ಅವರ ಬಗೆಗಿನ ಗೌರವವನ್ನು ಮಾತ್ರ ಬಿಡಲಿಲ್ಲ. 2008ರ ಮಾರ್ಚ್ 7ರಂದು ಒಬಾಮಾ ಅವರ ವಿದೇಶಾಂಗ ನೀತಿ ಸಲಹೆಗಾರ್ತಿ ಸಮಂತಾ ಪವರ್ ರಾಜೀನಾಮೆ ಕೊಟ್ಟಿದ್ದು, ಪಕ್ಷದೊಳಗೆ ಒಬಾಮಾಗೆ ಎದುರಾಳಿಯಾಗಿದ್ದ ಹಿಲರಿ ಕ್ಲಿಂಟನ್ ಅವರನ್ನು ರಾಕ್ಷಸಿ ಎಂದು ಸ್ಕಾಟ್ಸ್‌ಮನ್ ಪತ್ರಿಕೆಯ ಸಂದರ್ಶನದಲ್ಲಿ ಕರೆದದ್ದಕ್ಕೆ. ನನ್ನ ಪ್ರಕಾರ ಹೆಚ್ಚು ಚರ್ಚೆಯಾಗಬೇಕಿದ್ದದ್ದು ಅದೇ ಬ್ರಿಟನ್ ಪ್ರವಾಸದಲ್ಲಿ ಪವರ್ ಬಿಬಿಸಿಗೆ ಆಡಿದ ಮಾತು. ಇರಾಕಿನಿಂದ 16 ತಿಂಗಳಲ್ಲಿ ಸೇನೆ ಹಿಂತೆಗೆಯುವ ಒಬಾಮಾ ಯೋಜನೆ, ಎಲ್ಲವೂ ಅಂದುಕೊಂಡಂತೆ ನಡೆದರೆ ಮಾತ್ರ ಸಾಧ್ಯವಾಗುವಂಥದ್ದು ಎಂಬ ಅರ್ಥದಲ್ಲಿ ಅವರು ಹೇಳಿದ್ದರು.

ಪ್ರೆಸಿಡೆನ್ಸಿ ಪ್ರಾಜೆಕ್ಟ್ ಮತ್ತೆ ತನ್ನ ಬೆಲೆ ತೋರಿಸುವುದು ಇಲ್ಲಿಯೇ. ತಂಡ ಬಿಟ್ಟವರು ಅಧಿಕಾರಕ್ಕೆ ಮರಳಿದ ದಾಖಲೆಗಳು ಅದರಲ್ಲಿ ಭದ್ರವಾಗಿವೆ. ಪವರ್ ಅವರನ್ನು ವಿಶ್ವಸಂಸ್ಥೆಯ ರಾಯಭಾರಿಯಾಗಿ ನಾಮನಿರ್ದೇಶನ ಮಾಡುತ್ತಾ ಒಬಾಮಾ 2013ರ ಜೂನ್ 5ರಂದು ಆಡಿದ ಮಾತುಗಳನ್ನು ಅಲ್ಲಿ ಪೂರ್ಣವಾಗಿ ಓದಬಹುದು. ಮುಂದೆ ಪಾತ್ರವೇ ಇರುವುದಿಲ್ಲ ಎನಿಸಿಕೊಂಡಿದ್ದ ಮ್ಯಾಲಿ 2014ರಲ್ಲಿ ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಳಿ ಸೇರಿದರು, 2021ರಲ್ಲಿ ಬೈಡನ್ ಸರ್ಕಾರದ ಇರಾನ್ ವಿಶೇಷ ಪ್ರತಿನಿಧಿಯಾದರು. ವಿವಾದದ ವಾರವನ್ನು ಮಾತ್ರ ಓದಿದವರಿಗೆ ಈ ಮುಂದಿನ ಅಧ್ಯಾಯ ದಕ್ಕುವುದಿಲ್ಲ.

ಐದು ಅಂಕಗಳ ಅಳತೆಯಲ್ಲಿ ಅಧ್ಯಕ್ಷರ ಅಧಿಕೃತ ದಾಖಲೆಗಳಿಗಾಗಿ ಈ ಸೇವೆಗೆ ಐದನ್ನೂ ಕೊಡುತ್ತೇನೆ. ಪ್ರಚಾರ ತಂಡಗಳ ಸಲಹೆಗಾರರ ಬೆನ್ನುಹತ್ತುವ ಕೆಲಸಕ್ಕೆ ಮೂರು ಕೊಡಬಹುದು. ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಚುನಾವಣೆಯ ಬಗ್ಗೆ ಬರೆಯುವವರೂ ಇದನ್ನು ಧಾರಾಳವಾಗಿ ಬಳಸಲಿ. ಆದರೆ ವಿವಾದ ಎದ್ದ ದಿನದಿಂದ ಒಂದು ವಾರದ ಪತ್ರಿಕಾ ವರದಿಗಳನ್ನೂ, ಅದೇ ಅವಧಿಯ ಎದುರಾಳಿ ತಂಡದ ಪ್ರಕಟಣೆಗಳನ್ನೂ ಜೊತೆಗಿಟ್ಟುಕೊಳ್ಳಲಿ. ಒಂದು ತಂಡ ಬರೆದಿಡಲು ಹಿಂಜರಿಯುವ ಸಂಗತಿಯನ್ನು ಇನ್ನೊಂದು ತಂಡ ದಪ್ಪ ಅಕ್ಷರಗಳಲ್ಲಿ ಪ್ರಕಟಿಸಲು ಕಾದಿರುತ್ತದೆ.