ಪುಟವನ್ನು ಜರಡಿ ಹಿಡಿಯುವ ಬಟನ್: ರೀಡರ್ ವ್ಯೂ ಬಳಸಿದ ಮೇಲೆ

ವಾಷಿಂಗ್ ಮೆಶಿನ್ ನೀರು ಹೊರಗೆ ಬಿಡದೆ ನಿಂತುಬಿಟ್ಟಿತ್ತು. ಒಳಗೆ ಸೋಪಿನ ನೀರು, ನೀರಲ್ಲಿ ಬಟ್ಟೆ. ಕೆಳಗಡೆ ಚಿಕ್ಕ ಮುಚ್ಚಳ ಇರುತ್ತದೆ, ಅದರ ಹಿಂದೆ ಫಿಲ್ಟರ್ ಇರುತ್ತದೆ ಅನ್ನುವಷ್ಟು ಗೊತ್ತಿತ್ತು. ಆದರೆ ಅದನ್ನು ಬಿಚ್ಚುವ ಮೊದಲು ಇಷ್ಟು ನೀರನ್ನು ಏನು ಮಾಡುವುದು? ಒದ್ದೆ ಕೈಯಲ್ಲೇ ಫೋನ್ ಹಿಡಿದು ಹುಡುಕಿದೆ. ಮೊದಲು ಸಿಕ್ಕ ಪುಟ ತೆರೆದೆ.

ಮೊದಲು ಬಂದಿದ್ದು ಕುಕೀಗೆ ಒಪ್ಪಿಗೆ ಕೇಳುವ ಪರದೆ. "ಎಲ್ಲಾ ಒಪ್ಪುತ್ತೇನೆ" ಅನ್ನುವುದು ದೊಡ್ಡ ಹಸಿರು ಬಟನ್. "ಬೇಡ" ಅನ್ನುವುದು ಬೂದು ಬಣ್ಣದ ಪುಟ್ಟ ಅಕ್ಷರ. ಅದು ಹೋದ ಮೇಲೆ ನೋಟಿಫಿಕೇಶನ್ ಕಳಿಸಲಾ ಅಂತ ಪ್ರಶ್ನೆ. ಒಂದು ಮೂಲೆಯಲ್ಲಿ ವಿಡಿಯೊ ತಾನಾಗೇ ಓಡತೊಡಗಿತು. ಇನ್ನೊಂದು ಮೂಲೆಯಲ್ಲಿ ಗುಳ್ಳೆಯೊಂದು ಎದ್ದು "ಹಾಯ್! ಏನಾದ್ರೂ ಸಹಾಯ ಬೇಕಾ?" ಅಂತ ಕೇಳಿತು. ಬೇಕಿತ್ತಪ್ಪಾ, ಅದಕ್ಕೇ ಬಂದಿದ್ದು. "ಮುಂದೆ ಓದಿ" ಒತ್ತಲು ಬೆರಳು ಇಟ್ಟೆ. ಅಷ್ಟರಲ್ಲಿ ಮೇಲೆ ಒಂದು ಜಾಹೀರಾತು ಲೋಡ್ ಆಗಿ ಇಡೀ ಪುಟ ಕೆಳಕ್ಕೆ ಜಾರಿತು. ಬೆರಳು ಬಿದ್ದಿದ್ದು ಜಾಹೀರಾತಿನ ಮೇಲೆ. (ಈ ಜಾರಾಟ ಎಷ್ಟು ಮಾಮೂಲಿ ಅಂದರೆ ಅದನ್ನು ಅಳೆಯಲು ಗೂಗಲ್ 2020ರಲ್ಲಿ ಒಂದು ಮಾನದಂಡವನ್ನೇ ತಂದಿತು. ಕ್ಯುಮುಲೇಟಿವ್ ಲೇಔಟ್ ಶಿಫ್ಟ್ ಅಂತ ಹೆಸರು. 0.1ರ ಒಳಗಿದ್ದರೆ ಪಾಸ್.)

ಆಗ ಅಡ್ರೆಸ್ ಬಾರ್‌ನಲ್ಲಿರುವ ಆ ಪುಟ್ಟ ಕಾಗದದಂಥ ಚಿಹ್ನೆ ಒತ್ತಿದೆ. ಎಲ್ಲಾ ಮಾಯ. ಉಳಿದಿದ್ದು ಒಂದು ಶೀರ್ಷಿಕೆ, ಒಂದು ಚಿತ್ರ, ಆರು ಸಾಲು. ಮುಚ್ಚಳದ ಹಿಂದೆ ಸಣ್ಣ ಪೈಪ್ ಇದೆ, ಅದನ್ನು ಹೊರಗೆಳೆದು ಮೂತಿಯ ಬಿರಡೆ ತೆಗೆಯಿರಿ, ಕೆಳಗೆ ಅಗಲವಾದ ತಟ್ಟೆ ಇಡಿ. ಅಷ್ಟೇ. ಹತ್ತು ನಿಮಿಷದಲ್ಲಿ ಫಿಲ್ಟರ್ ಕೈಗೆ ಬಂತು. ಅದರಲ್ಲಿ ಸಿಕ್ಕಿಕೊಂಡಿದ್ದು ಒಂದು ಶರ್ಟ್ ಗುಂಡಿ.

ಈ ವಿಮರ್ಶೆ ಆ ಚಿಹ್ನೆಯ ಬಗ್ಗೆ. ರೀಡರ್ ವ್ಯೂ, ರೀಡರ್ ಮೋಡ್, ಬ್ರೌಸರಿಗೊಂದು ಹೆಸರು. 2009ರಲ್ಲಿ ಆರ್ಕ್90 ಅನ್ನುವ ಸಂಸ್ಥೆ 'ರೀಡಬಿಲಿಟಿ' ಅಂತ ಒಂದು ಚಿಕ್ಕ ಸಾಧನ ಮಾಡಿತ್ತು. ಅದರ ಕೋಡ್ ಇಟ್ಟುಕೊಂಡು ಆಪಲ್‌ನವರು 2010ರಲ್ಲಿ ತಮ್ಮ ಬ್ರೌಸರ್ ಸಫಾರಿ 5ರ ಒಳಗೆ ರೀಡರ್ ತಂದರು. ಫೈರ್‌ಫಾಕ್ಸ್‌ನ ಡೆಸ್ಕ್‌ಟಾಪ್ ಆವೃತ್ತಿಗೆ 2015ರಲ್ಲಿ ಬಂತು. ಎಡ್ಜ್, ಕ್ರೋಮ್‌ನಲ್ಲೂ ಈಗ ಇದೆ. ಕಾಸು ಕೊಡಬೇಕಿಲ್ಲ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೂ ನನಗೆ ಗೊತ್ತಿರುವ ಅರ್ಧಕ್ಕರ್ಧ ಜನ ಅದನ್ನು ಒಮ್ಮೆಯೂ ಒತ್ತಿಲ್ಲ.

ನನ್ನ ಕಸುಬು ವೆಬ್‌ಸೈಟ್ ಮಾಡುವುದು. ಹಾಗಾಗಿ ಈ ಬಟನ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ ಚಪಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ತಮ್ಮ ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಓದಿದರೆ ನಗು ಬರುತ್ತದೆ, ಆಮೇಲೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಪುಟದ ಯಾವ ಭಾಗಕ್ಕೆ ಕೋಡ್‌ನಲ್ಲಿ ಕೊಟ್ಟ ಹೆಸರಲ್ಲಿ 'ಬ್ಯಾನರ್', 'ಸೈಡ್‌ಬಾರ್', 'ಸೋಶಿಯಲ್', 'ಸ್ಪಾನ್ಸರ್', 'ಪಾಪಪ್' ಅಂತ ಇದೆಯೋ ಅದು ಬಹುಪಾಲು ಕಸ ಅಂತಲೇ ಅದರ ಲೆಕ್ಕ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸಲು ಉಳಿದ ಪ್ಯಾರಾಗಳಿಗೆ ಅಂಕ ಕೊಡುತ್ತದೆ. 25 ಅಕ್ಷರಕ್ಕಿಂತ ಚಿಕ್ಕ ಪ್ಯಾರಾ ಲೆಕ್ಕಕ್ಕೇ ಇಲ್ಲ. ಪ್ರತಿ 100 ಅಕ್ಷರಕ್ಕೆ ಒಂದು ಅಂಕ, ಹೆಚ್ಚೆಂದರೆ ಮೂರು. ಒಂದೊಂದು ಕಾಮಾಕ್ಕೂ ಒಂದು ಅಂಕ! ಕಾಮಾ ಇದ್ದರೆ ಯಾರೋ ಕೂತು ಬರೆದಿದ್ದಾರೆ ಅಂತ ಅರ್ಥವಂತೆ. ಕಾಮಾ ಅಷ್ಟಾಗಿ ಹಾಕದ ನಮ್ಮ ಕನ್ನಡದ ಬರಹಗಳಿಗೆ ಇದು ಸ್ವಲ್ಪ ಅನ್ಯಾಯ, ಇರಲಿ. ಒಂದು ಭಾಗದಲ್ಲಿ ಬರೀ ಲಿಂಕ್‌ಗಳೇ ತುಂಬಿದ್ದರೆ ಅದರ ಅಂಕ ಇಳಿಯುತ್ತದೆ.

ಆ ಚಿಹ್ನೆ ಕಾಣಿಸಿಕೊಳ್ಳುವುದಕ್ಕೂ ಒಂದು ಪರೀಕ್ಷೆ ಇದೆ. 140 ಅಕ್ಷರಕ್ಕಿಂತ ಚಿಕ್ಕ ಪ್ಯಾರಾ ಇಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಉದ್ದದ ಪ್ಯಾರಾ ಒಂದಷ್ಟು ಸಿಕ್ಕಿದರೆ ಮಾತ್ರ ಇಲ್ಲಿ ಓದುವಂಥದ್ದು ಇದೆ ಅಂತ ನಂಬಿ ಚಿಹ್ನೆ ತೋರಿಸುತ್ತದೆ.

ಇದನ್ನು ತಿಳಿದುಕೊಂಡ ದಿನ, ಸುಮ್ನೆ ಕುತೂಹಲಕ್ಕೆ ನಾನೇ ಮಾಡಿದ ಸೈಟ್ ಒಂದನ್ನು ತೆರೆದೆ. ಒಂದು ಚಿಕ್ಕ ಕ್ಲಿನಿಕ್‌ನ ಸೈಟ್. ನನಗೆ ತುಂಬ ಹೆಮ್ಮೆಯ ಕೆಲಸ ಅದು. ಹೋಮ್ ಪೇಜ್‌ನಲ್ಲಿ ಚಿಹ್ನೆ ಬರಲಿಲ್ಲ. ಪರವಾಗಿಲ್ಲ, ಹೋಮ್ ಪೇಜ್ ಅಂದರೆ ಲೇಖನ ಅಲ್ವಲ್ಲ. ಆದರೆ "ರಕ್ತ ಪರೀಕ್ಷೆಗೆ ಬರುವ ಮೊದಲು" ಅನ್ನುವ ಪುಟದಲ್ಲೂ ಬರಲಿಲ್ಲ. ಜನ ಓದಲೇಬೇಕಾದ ಪುಟ ಅದೊಂದೇ. ಅಲ್ಲಿ ಓದುವಂಥದ್ದು ಏನೂ ಇಲ್ಲ ಅಂತ ಬ್ರೌಸರ್ ತೀರ್ಮಾನ ಮಾಡಿತ್ತು.

ತಪ್ಪು ಬ್ರೌಸರ್‌ದಲ್ಲ. ಆ ಪುಟದ ಸೂಚನೆಗಳನ್ನು ನಾನು ಆರು ಕಾರ್ಡ್ ಮಾಡಿದ್ದೆ. ಒಂದೊಂದರ ಮೇಲೂ ಒಂದು ಚಿತ್ರ, ಕೆಳಗೆ ಎರಡು ಪದ. ಮೌಸ್ ಮೇಲಿಟ್ಟರೆ ಕಾರ್ಡ್ ಮೆಲ್ಲಗೆ ತಿರುಗಿ ಬೆನ್ನ ಮೇಲಿನ ಬರಹ ತೋರಿಸುತ್ತದೆ. ಆ ತಿರುಗುವ ವೇಗ ಸರಿಮಾಡಲು ಒಂದು ಸಂಜೆ ಪೂರ್ತಿ ಕಳೆದಿದ್ದೆ. ಲ್ಯಾಪ್‌ಟಾಪ್‌ನಲ್ಲಿ ನೋಡಲು ಬಲು ಚೆಂದ. ಫೋನ್‌ನಲ್ಲಿ ಮೌಸ್ ಎಲ್ಲಿಂದ ಬರಬೇಕು? ನೀರಿನ ಲೋಟದ ಚಿತ್ರ ಇರುವ ಕಾರ್ಡ್, ಅದರ ಕೆಳಗೆ "ನೀರು ಕುಡಿಯುವುದು" ಅಂತ ಇತ್ತು. ಕುಡಿಯಬಹುದಾ, ಬಾರದಾ? ಉತ್ತರ ಬೆನ್ನ ಮೇಲೆ. ಮೊಬೈಲ್‌ನಲ್ಲಿ ನೋಡಿದವರಿಗೆ ಆ ಬೆನ್ನು ಕಾಣಿಸಿದ್ದೇ ಇಲ್ಲ. ರಿಸೆಪ್ಶನ್‌ನಲ್ಲಿ ಕೂರುವ ಹುಡುಗಿಗೆ ಫೋನ್ ಮಾಡಿ ಕೇಳಿದೆ. "ಸರ್, ದಿನಾ ಬೆಳಿಗ್ಗೆ ಇದೇ ಪ್ರಶ್ನೆ. ವೆಬ್‌ಸೈಟ್ ನೋಡಿ ಅಂತೀನಿ, ನೋಡೇ ಫೋನ್ ಮಾಡ್ತಿರೋದು ಅಂತಾರೆ" ಅಂದಳು.

ಇನ್ನೊಂದು ವಿಷಯ ಹೋಮ್ ಪೇಜ್‌ನ ಸ್ಲೈಡರ್. ಮೂರು ದೊಡ್ಡ ಫೋಟೊ ಒಂದಾದ ಮೇಲೊಂದು ಓಡುತ್ತಿದ್ದವು. ಕ್ಲಿನಿಕ್ ತೆರೆಯುವ ಸಮಯ ಇದ್ದದ್ದು ಮೂರನೆಯದರಲ್ಲಿ, ಅದೂ ಫೋಟೊದ ಒಳಗೇ ಬರೆದದ್ದು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದವರೊಬ್ಬರು 2013ರಲ್ಲಿ ತಮ್ಮ ಸೈಟಿನ ಸ್ಲೈಡರ್ ಲೆಕ್ಕ ಪ್ರಕಟಿಸಿದ್ದರು. ಅದನ್ನು ಒತ್ತಿದವರು ನೂರಕ್ಕೆ ಒಬ್ಬರು. ಆ ಒತ್ತಿನಲ್ಲೂ 84% ಮೊದಲನೇ ಸ್ಲೈಡ್‌ಗೇ. ನಾನು ಆ ಲೆಕ್ಕ ಓದಿದ್ದೆ. ಓದಿಯೂ ಮಾಡಿದ್ದೆ, ಯಾಕಂದರೆ ಸ್ಲೈಡರ್ ಇದ್ದರೆ ಗಿರಾಕಿಗೆ ದುಡ್ಡಿಗೆ ತಕ್ಕ ಕೆಲಸ ಆಗಿದೆ ಅನ್ನಿಸುತ್ತದೆ.

ಆ ಆರು ಕಾರ್ಡ್ ಕಿತ್ತುಹಾಕಿ ಸೂಚನೆಗಳನ್ನು ನಾಲ್ಕು ಪ್ಯಾರಾದಲ್ಲಿ ನೇರವಾಗಿ ಬರೆದೆ. ಮೊದಲ ವಾಕ್ಯವೇ ನೀರಿನದು. ಪುಟ ರೀಲೋಡ್ ಮಾಡಿದೆ. ಆ ಕಾಗದದ ಚಿಹ್ನೆ ಬಂತು! ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು ಅಂದರೆ ನಂಬುತ್ತೀರಾ?

ಕನ್ನಡ ಓದುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ' ಬರೆದರೆ ಟ ಒತ್ತು, ರ ಒತ್ತು ಎರಡೂ ಕೆಳಗೆ. ಇಂಗ್ಲಿಷ್‌ಗೆ ಅಂತ ಮಾಡಿದ ಟೆಂಪ್ಲೇಟ್‌ನಲ್ಲಿ ಸಾಲುಗಳ ನಡುವೆ ಜಾಗ ಕಮ್ಮಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಬಟನ್ ಒಳಗಾದರೆ ಅರ್ಧ ಕತ್ತರಿಸಿಯೇ ಹೋಗುತ್ತದೆ. ರೀಡರ್ ವ್ಯೂನಲ್ಲಿ ಅಕ್ಷರದ ಗಾತ್ರ, ಸಾಲಿನ ಅಂತರ, ಅಗಲ ಮೂರನ್ನೂ ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ನಾನು ಅಂತರವನ್ನು ಎರಡು ಹೆಜ್ಜೆ ಜಾಸ್ತಿ ಮಾಡಿಟ್ಟಿದ್ದೇನೆ. ಕಣ್ಣಿಗೆ ಹಾಯೆನಿಸುತ್ತದೆ.

ಕೊರತೆಗಳೂ ಇವೆ. ಮೊದಲನೆಯದು, ಡೇಟಾ ಉಳಿಯುವುದಿಲ್ಲ. ಪುಟ ಪೂರ್ತಿ ಇಳಿದ ಮೇಲೆ ತಾನೇ ಜರಡಿ ಹಿಡಿಯುವುದು. ಆ ವಿಡಿಯೊ, ಜಾಹೀರಾತು ಎಲ್ಲಾ ಅಷ್ಟರಲ್ಲಿ ಫೋನ್‌ಗೆ ಬಂದಾಗಿರುತ್ತದೆ. ಎರಡನೆಯದು, ಕೋಷ್ಟಕಗಳು. ಸಾಲು ಕಂಬ ಎಲ್ಲಾ ಇರುವ ದೊಡ್ಡ ಕೋಷ್ಟಕವಾದರೆ ಕೆಲವೊಮ್ಮೆ ಉಳಿಯುತ್ತದೆ, ಕೆಲವೊಮ್ಮೆ ಹೇಳದೆ ಕೇಳದೆ ಹೋಗುತ್ತದೆ. ಹೋಗಿದೆ ಅನ್ನುವ ಗುರುತೂ ಇರುವುದಿಲ್ಲ, ಅದೇ ಅಪಾಯ. ಔಷಧಿಯ ಪ್ರಮಾಣ, ದರಪಟ್ಟಿ ಇಂಥದ್ದನ್ನು ನಾನು ಮೂಲ ಪುಟದಲ್ಲೇ ನೋಡುತ್ತೇನೆ. ಫಾರ್ಮ್ ತುಂಬುವ ಪುಟಗಳಲ್ಲಿ ಇದರಿಂದ ಉಪಯೋಗವೇ ಇಲ್ಲ.

ಇದನ್ನೆಲ್ಲ ಓದಿ ಪುಟ ಖಾಲಿ ಇಟ್ಟರೆ ಸಾಕು ಅಂದುಕೊಳ್ಳುವವರೂ ಇದ್ದಾರೆ. ನನ್ನ ಕಸುಬಿನಲ್ಲಿ ಆ ರೋಗ ಬೇರೆ ಇದೆ. ಬಿಳಿ ಹಾಳೆ ಮೇಲೆ ತಿಳಿ ಬೂದು ಅಕ್ಷರ, ಇರೋಬರೋ ಲಿಂಕೆಲ್ಲ ಮೂರು ಗೆರೆಯ ಮೆನು ಒಳಗೆ, ನಡುವೆ ಒಂದು ದೊಡ್ಡ ಘೋಷಣೆ. ಸರಳವಾಗಿ ಕಾಣುತ್ತದೆ ನಿಜ. ಬಳಸಲು ಹೋದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ವ್ಯತ್ಯಾಸ, ಇರಬೇಕು ಅಂತ ಡಬ್ಲ್ಯೂಸಿಎಜಿ ಹೇಳುತ್ತದೆ; ವೆಬ್ ಪುಟ ಎಲ್ಲರಿಗೂ ಬಳಸಲು ಆಗುವಂತಿರಬೇಕು ಅಂತ ಮಾಡಿದ ಮಾರ್ಗಸೂಚಿ ಅದು. ಆ ತಿಳಿ ಬೂದು ಅದರ ಹತ್ತಿರವೂ ಸುಳಿಯುವುದಿಲ್ಲ.

ಹಾಗಾದರೆ ಹೇಗಿರಬೇಕು ಅಂತ ಕೇಳಿದರೆ ನಾನು ತೋರಿಸುವುದು ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮಾಡಿದ, ಜಗತ್ತಿನ ಮೊದಲ ವೆಬ್‌ಸೈಟ್ ಅನ್ನು. 1991ರಲ್ಲಿ ಅದು ಹೊರಗಿನವರಿಗೆ ತೆರೆದುಕೊಂಡಿತು. 2013ರಲ್ಲಿ ಸರ್ನ್‌ನವರೇ ಹಳೆಯ ವಿಳಾಸದಲ್ಲಿ ಮತ್ತೆ ನಿಲ್ಲಿಸಿದರು. ಕಪ್ಪು ಅಕ್ಷರ, ನೀಲಿ ಲಿಂಕ್, ಬೇರೇನೂ ಇಲ್ಲ. ಇವತ್ತಿನ ಫೋನ್‌ನಲ್ಲಿ ಅಕ್ಷರ ಚಿಕ್ಕದಾಗಿ ಕಾಣಬಹುದು, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಹಾಗಂತ ಎಲ್ಲರೂ ಹಾಗೇ ಮಾಡಿ ಅನ್ನುತ್ತಿಲ್ಲ. ನನಗೂ ಬಣ್ಣ ಇಷ್ಟ, ಒಳ್ಳೆಯ ಫೋಟೊ ಇಷ್ಟ.

ಅಂಕ ಕೊಡಬೇಕು ಅಂದರೆ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಕೋಷ್ಟಕಕ್ಕೆ. ಈಗ ಸೈಟ್ ಒಪ್ಪಿಸುವ ಮೊದಲು ಪ್ರತಿ ಮುಖ್ಯ ಪುಟದಲ್ಲೂ ಆ ಬಟನ್ ಒತ್ತಿ ನೋಡುತ್ತೇನೆ. ಉಳಿದ ಬರಹವನ್ನಷ್ಟೇ ಓದಿದವರಿಗೆ ಕೆಲಸ ಆಗುತ್ತದಾ ಅಂತ. ಆಗದಿದ್ದರೆ ಮತ್ತೆ ಕೂರುತ್ತೇನೆ.

ಕ್ಲಿನಿಕ್‌ನ ಹೊಸ ಪುಟ ನೋಡಿ ಡಾಕ್ಟರ್ ಫೋನ್ ಮಾಡಿದ್ದರು. "ಏನ್ರೀ, ಇಷ್ಟೇನಾ? ಆ ತಿರುಗೋದೆಲ್ಲ ಎಲ್ಲಿ ಹೋಯ್ತು?" ತೆಗೆದೆ ಸರ್ ಅಂದೆ. ಯಾಕೆ ಅಂತ ಹತ್ತು ನಿಮಿಷ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ "ತೆಗೆದಿದ್ದಕ್ಕೂ ಬಿಲ್ ಹಾಕ್ತೀರಾ?" ಅಂತ ಕೇಳಿದರು. ಹಾಕಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.