ಒವನ್ನಿನ ತಿರುಗುಗುಂಡಿಯನ್ನು ನಂಬಬೇಡಿ: ಪಾಲಿಮರ್ ಕ್ಲೇ ಆಭರಣ ಮಾಡುವವರಿಗೊಂದು ಎಚ್ಚರಿಕೆ

ಹಲ್ಲುಚಕ್ರ, ಸ್ಕ್ರೂ, ರಿವೆಟ್ಟು, ಕಿಲುಬು ಹಿಡಿದ ಹಿತ್ತಾಳೆಯ ಬಣ್ಣ. ಹಬೆಯಂತ್ರಗಳ ಕಾಲವನ್ನು ನೆನಪಿಸುವ ಸ್ಟೀಮ್‌ಪಂಕ್ ಆಭರಣಗಳನ್ನು, ಒವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಪಾಲಿಮರ್ ಕ್ಲೇಯಲ್ಲಿ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಎಲ್ಲದರಲ್ಲೂ ಒಂದೇ ಪಲ್ಲವಿ: ಮನೆಯಲ್ಲಿರುವ ಸಾಮಾನೇ ಸಾಕು. ಆಕಾರ ಕೊಡುವವರೆಗೆ ಈ ಮಾತು ನಿಜ. ಬೇಯಿಸುವ ಹಂತಕ್ಕೆ ಬಂದಾಗ ಅದೇ ಮಾತು ಅಪಾಯಕ್ಕೆ ದಾರಿ ಮಾಡುತ್ತದೆ.

ನಾನು ಮಾಡಿದ್ದು ಒಂದು ದುಂಡನೆಯ ಪದಕ. ಕಪ್ಪು ಕ್ಲೇಯನ್ನು ಗಾಜಿನ ಬಾಟಲಿಯಿಂದ ಲಟ್ಟಿಸಿ, ಸ್ಕ್ರೂವಿನ ತಲೆಯನ್ನು ಅಂಚಿನುದ್ದಕ್ಕೂ ಒತ್ತಿ, ಕಂಚಿನ ಬಣ್ಣದ ಮೈಕಾ ಪುಡಿಯನ್ನು ಬೆರಳ ತುದಿಯಿಂದ ಉಬ್ಬಿದ ಭಾಗಗಳಿಗೆ ಮಾತ್ರ ಸವರಿದೆ. ತಗ್ಗುಗಳಲ್ಲಿ ಕಪ್ಪು ಉಳಿದು, ಯಾವುದೋ ಹಳೆಯ ಯಂತ್ರದಿಂದ ಕಳಚಿದ ಬಿಲ್ಲೆಯಂತೆ ಕಂಡಿತು. ಪೊಟ್ಟಣದ ಮೇಲೆ 130 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ಒವನ್ನನ್ನೂ 130ಕ್ಕೇ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಪ್ಲಾಸ್ಟಿಕ್ ಸುಟ್ಟ ಘಾಟು ಅಡುಗೆಮನೆಯನ್ನೆಲ್ಲ ತುಂಬಿತು. ಕಣ್ಣು ಉರಿಯಿತು, ಗಂಟಲು ಕೆರೆದು ಕೆಮ್ಮು ನಿಲ್ಲಲಿಲ್ಲ. ಪದಕದ ಮೇಲ್ಮೈಯಲ್ಲಿ ಗುಳ್ಳೆಗಳೆದ್ದಿದ್ದವು, ಅಂಚು ಸೀದು ಹೋಗಿತ್ತು.

ಆಮೇಲೆ ಖಾಲಿ ಒವನ್ನಿನೊಳಗೆ ಒವನ್ ಥರ್ಮಾಮೀಟರ್ ಇಟ್ಟು ನೋಡಿದೆ. ಗುಂಡಿ 130ರಲ್ಲೇ ಇದ್ದರೂ ಮುಳ್ಳು 170 ದಾಟಿತು. ಪುಟ್ಟ ಒವನ್ನುಗಳ ಹಣೆಬರಹವೇ ಹೀಗೆ. ಕಾಯಿಸುವ ಸರಳು ತೀರಾ ಹತ್ತಿರದಲ್ಲಿರುತ್ತದೆ, ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಹತ್ತಿ ಆರುವ ನಡುವೆ ಶಾಖ ಜಿಗಿಯುತ್ತಲೇ ಇರುತ್ತದೆ. ಅಡುಗೆಗೆ ಈ ಏರುಪೇರು ಲೆಕ್ಕಕ್ಕಿಲ್ಲದಿರಬಹುದು, ಕ್ಲೇಗೆ ಹಾಗಲ್ಲ. ಹೆಸರಿನಲ್ಲಿ ಕ್ಲೇ ಇದ್ದರೂ ಇದು ಮಣ್ಣಲ್ಲ; ಪಿವಿಸಿ ಪ್ಲಾಸ್ಟಿಕ್. ಅತಿಯಾಗಿ ಕಾದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಕಣ್ಣು, ಮೂಗು, ಗಂಟಲಿನ ತೇವ ಸೇರಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಇಷ್ಟಿದ್ದೂ ಒಂದು ವಿಡಿಯೊದಲ್ಲಿ, ಬೇಗ ಮುಗಿಯಬೇಕಿದ್ದರೆ ಶಾಖ ಏರಿಸಿ ಸಮಯ ಇಳಿಸಿ ಎಂದು ನಗುನಗುತ್ತಲೇ ಹೇಳಿಕೊಡುತ್ತಾರೆ! ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹಾಗೆಂದು ಹೆದರಿ ಶಾಖ ಇಳಿಸಿದರೂ ಕೆಲಸ ಕೆಡುತ್ತದೆ. ಅರೆಬೆಂದ ಕ್ಲೇ ಗಟ್ಟಿಯಾದಂತೆ ಕಂಡರೂ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಪೊಟ್ಟಣದ ಶಾಖವನ್ನು ಥರ್ಮಾಮೀಟರ್ ತೋರಿಸಿದ ಮೇಲೆಯೇ ಆಭರಣವನ್ನು ಒಳಗಿಡಿ. ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪಕ್ಕೆ 15ರಿಂದ 30 ನಿಮಿಷ ಹೇಳಿರುತ್ತಾರೆ. ಶಾಖ ಸರಿಯಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೂ ಕೆಡುವುದಿಲ್ಲ. ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಡೇರೆಯ ಹಾಗೆ ಮುಚ್ಚಿ, ಸರಳಿಗೆ ತಾಗದಿರಲಿ. ಮೈಕ್ರೋವೇವ್ ಬೇಡವೇ ಬೇಡ. ಹೊಗೆ ಎದ್ದರೆ ಒವನ್ನಿನ ಬಾಗಿಲು ತೆರೆದು ಇಣುಕಬೇಡಿ. ಒವನ್ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕರೆದುಕೊಂಡು ಹೊರಗೆ ಹೋಗಿ. ಪಂಜರದ ಹಕ್ಕಿಯಿದ್ದರೆ ಮೊದಲು ಅದನ್ನು ಸಾಗಿಸಿ, ಹೊಗೆ ಹಕ್ಕಿಗಳಿಗೆ ಬಹು ಬೇಗ ತಟ್ಟುತ್ತದೆ.

ಕ್ಲೇಗೆ ಬಳಸಿದ ಲಟ್ಟಣಿಗೆ, ಚಾಕು, ತಟ್ಟೆ ಮತ್ತೆ ಅಡುಗೆಗೆ ಹೋಗಕೂಡದು. ಹಸಿ ಕ್ಲೇಯನ್ನು ಸಿಕ್ಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಡಬೇಡಿ. ಕ್ಲೇಯನ್ನು ಮೆತ್ತಗಿಡಲು ಬೆರೆಸಿದ ಪ್ಲಾಸ್ಟಿಸೈಜರ್ ಕೆಲವು ಡಬ್ಬಿಗಳನ್ನು ಕರಗಿಸಿ ಅಂಟಿಕೊಳ್ಳುತ್ತದೆ.

ಹೊಳಪಿಗೆ ನೇಲ್ ಪಾಲಿಷ್ ಬಳಿಯಿರಿ ಎಂಬುದು ಇನ್ನೊಂದು ಪುಕ್ಕಟೆ ಸಲಹೆ. ಬಳಿದಾಗ ಗಾಜಿನಂತೆ ಮಿಂಚಿದ ನನ್ನ ಕಿವಿಯೋಲೆಗಳು ಬರಬರುತ್ತಾ ಅಂಟಂಟಾಗಿ, ಡಬ್ಬಿಯಲ್ಲಿದ್ದ ಹತ್ತಿಯನ್ನೆಲ್ಲ ಮೈಗೆ ಹತ್ತಿಸಿಕೊಂಡವು. ಪಾಲಿಷಿನ ದ್ರಾವಕ ಕ್ಲೇಯನ್ನು ಮೆತ್ತಗೆ ಮಾಡುತ್ತದೆ. ನೀರು ಬೆರೆಯುವ ಅಕ್ರಿಲಿಕ್ ವಾರ್ನಿಷ್ ಇದಕ್ಕಿಂತ ವಾಸಿ.

ಚಕ್ರಗಳಿಗಾಗಿ ಅಜ್ಜನ ಕಾಲದ ಕೈಗಡಿಯಾರ ಬಿಚ್ಚುವ ಆಸೆ ಈ ಹವ್ಯಾಸದವರಿಗೆಲ್ಲ ಇದ್ದದ್ದೇ. ಕತ್ತಲಲ್ಲಿ ಹೊಳೆಯುವ ಅಂಕಿ, ಮುಳ್ಳುಗಳಿದ್ದ ಹಳೆಯ ಗಡಿಯಾರವಾದರೆ ಕೈ ಹಚ್ಚಬೇಡಿ. 20ನೆಯ ಶತಮಾನದ ಆರಂಭದಿಂದ 1960ರ ದಶಕದವರೆಗೂ ಆ ಬಣ್ಣಕ್ಕೆ ವಿಕಿರಣ ಸೂಸುವ ರೇಡಿಯಂ ಬೆರೆಸುತ್ತಿದ್ದರು. ಈಗ ಹೊಳೆಯುತ್ತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಸವೆದಿರುವುದು ಹೊಳೆಯುವ ರಾಸಾಯನಿಕ; ರೇಡಿಯಂ 226ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಉದುರಿದ ಬಣ್ಣದ ಪುಡಿ ಒಳಗಿನ ಚಕ್ರಗಳ ಮೇಲೂ ಕೂತಿರಬಹುದು, ಅದು ಉಸಿರಿನೊಂದಿಗೆ ಒಳಸೇರುವುದೇ ದೊಡ್ಡ ಅಪಾಯ. ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಅಲಂಕಾರಕ್ಕೆಂದೇ ಮಾಡಿದ ಲೋಹದ ಚಕ್ರಗಳು ಸಿಗುತ್ತವೆ. ಬ್ಯಾಟರಿ ಗಡಿಯಾರ ಬಿಚ್ಚುವುದಾದರೆ ಗುಂಡಿಯಂಥ ಸೆಲ್ಲನ್ನು ಮೊದಲು ತೆಗೆದು, ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ನುಂಗಿರಬಹುದೆಂಬ ಅನುಮಾನ ಬಂದರೂ ನೇರವಾಗಿ ಆಸ್ಪತ್ರೆಗೆ ಹೋಗಿ.